ಟೋಪಿ ಸಿಸ್ಟರ್ ಅವರ ಎಡಗಿವಿ

ಈ ಸಭೆಯ ಅಧ್ಯಕ್ಷರೂ, ಮೂವತ್ತೊಂದು ವರ್ಷ ನನ್ನ ಕೈಯಿಂದ ಕತ್ತರಿ ಚಿಮುಟಗಳನ್ನು ಇಸಿದುಕೊಂಡು ಒಂದನ್ನೂ ಕೈಗೆ ವಾಪಸ್ ಕೊಡದೆ ಟ್ರೇಗೆ ಎಸೆದವರೂ ಆದ ನಮ್ಮ ದೊಡ್ಡ ಡಾಕ್ಟರೇ, ದೂರದಿಂದ ಬಂದು ಹಾರದ ಭಾರ ಹೊತ್ತು ಕೂತಿರುವ ಮುಖ್ಯ ಅತಿಥಿಗಳೇ, ವೇದಿಕೆಯ ತುದಿಯ ಕುರ್ಚಿಯಲ್ಲಿ ಫ್ಯಾನಿನ ಕೆಳಗಿದ್ದರೂ ಯಾಕೋ ಬೆವರುತ್ತಿರುವ ನಮ್ಮ ಚಿಕ್ಕ ಡಾಕ್ಟರಮ್ಮನವರೇ, ಮೂರನೆಯ ಸಾಲಿನಲ್ಲಿ ಕೂತು ಮುಂದಿನವರ ಕಿವಿ ನೋಡುತ್ತಿರುವ ನಮ್ಮ ಯಜಮಾನರೇ, ಮತ್ತು ಸಂಜೆಯ ಪಾಳಿಯನ್ನು ಯಾರ ತಲೆಗೋ ಕಟ್ಟಿ ಇಲ್ಲಿಗೆ ಬಂದಿರುವ ನನ್ನ ಪ್ರೀತಿಯ ಸಭಿಕರೇ,

ನನಗೆ ಐದು ನಿಮಿಷ ಕೊಟ್ಟಿದ್ದಾರೆ. ನಿರೂಪಣೆ ಮಾಡುತ್ತಿರುವ ರೆಕಾರ್ಡ್ ವಿಭಾಗದ ಹುಡುಗಿ ಈಗಲೇ ಗಡಿಯಾರ ನೋಡಿದಳು. ನೋಡಲಿ. ನಾನು ಏನು ಮಾತಾಡಬೇಕು ಎಂದು ಆಫೀಸಿನವರು ಒಂದು ಹಾಳೆಯಲ್ಲಿ ಟೈಪ್ ಮಾಡಿಸಿ ಕೊಟ್ಟಿದ್ದಾರೆ. ‘ಈ ಸಂಸ್ಥೆ ನನಗೆ ತಾಯಿಯ ಮಡಿಲು’ ಎಂಬುದು ಮೊದಲ ಸಾಲು. ನನ್ನ ತಾಯಿ ನನ್ನನ್ನು ಯಾವತ್ತೂ ಒಂದೇ ಕಡೆ ಎಂಟು ಗಂಟೆ ನಿಲ್ಲಿಸಿರಲಿಲ್ಲ. ಈ ಮೈಕಿನ ಮೇಜು ಅಲುಗಾಡುತ್ತಿತ್ತು. ಹಾಳೆಯನ್ನು ನಾಲ್ಕು ಮಡಿಕೆ ಮಾಡಿ ಅದರ ಕಾಲಿನ ಕೆಳಗೆ ಇಟ್ಟಿದ್ದೇನೆ. ಈಗ ಮೇಜು ಗಟ್ಟಿಯಾಗಿ ನಿಂತಿದೆ.

ನನಗಿಂತ ಮೊದಲು ಮಾತಾಡಿದವರೆಲ್ಲ ನನ್ನ ಟೋಪಿಯನ್ನು ಹೊಗಳಿದರು. ಶಿಸ್ತು ಎಂದರೆ ಇವರದು, ಆಪರೇಷನ್ ಥಿಯೇಟರಿನ ಟೋಪಿಯನ್ನು ಕ್ಯಾಂಟೀನಿನಲ್ಲೂ ತೆಗೆಯುವುದಿಲ್ಲ, ಲಿಫ್ಟಿನಲ್ಲೂ ತೆಗೆಯುವುದಿಲ್ಲ, ಇವತ್ತು ಹೊಸ ಬಟ್ಟೆ ಉಟ್ಟು ವೇದಿಕೆ ಹತ್ತಿದರೂ ತೆಗೆದಿಲ್ಲ ಎಂದರು. ನೀವೆಲ್ಲ ಚಪ್ಪಾಳೆ ತಟ್ಟಿದಿರಿ. ಹೊರಗಿನವರಿಗೆ ಗೊತ್ತಿರಲಿ, ಈ ಆಸ್ಪತ್ರೆಯಲ್ಲಿ ನನ್ನ ಹೆಸರೇ ‘ಟೋಪಿ ಸಿಸ್ಟರ್’. ಲಾಂಡ್ರಿಯಲ್ಲಿ ಮಾತ್ರ ಇದರ ಬಗ್ಗೆ ಎರಡು ಪಕ್ಷಗಳಿವೆ ಎಂದು ನನಗೆ ಗೊತ್ತು. ಒಂದು ಪಕ್ಷ ನನಗೆ ಶಿಸ್ತು ಜಾಸ್ತಿ ಎನ್ನುತ್ತದೆ, ಇನ್ನೊಂದು ನನಗೆ ಕೂದಲು ಕಡಿಮೆ ಎನ್ನುತ್ತದೆ. ಎರಡೂ ಸುಳ್ಳು. ಈ ಟೋಪಿ ಯಾಕೆ ಎಂದು ಈ ಸಭೆಯಲ್ಲಿ ಮೂವರಿಗೆ ಮಾತ್ರ ಗೊತ್ತು. ಒಬ್ಬಳು ನಾನು, ಒಬ್ಬರು ನಮ್ಮ ಯಜಮಾನರು, ಮೂರನೆಯವರು ಈಗಷ್ಟೇ ಇನ್ನೊಂದು ಲೋಟ ನೀರು ಕುಡಿದರು.

ಅದನ್ನು ಹೇಳಬೇಕಾದರೆ ಮೊದಲು ನಮ್ಮ ದೊಡ್ಡ ಡಾಕ್ಟರ ಕೈಯ ಬಗ್ಗೆ ಹೇಳಬೇಕು. ಏನು ಕೈ ಅದು! ಫೇಸ್‌ಲಿಫ್ಟ್ ಎಂಬ ಮಾತನ್ನು ಈ ಊರಿಗೆ ಕಲಿಸಿದ ಕೈ. ಕೆನ್ನೆ ಜೋತುಬಿದ್ದವರು, ಗಲ್ಲದ ಕೆಳಗೆ ಇನ್ನೊಂದು ಗಲ್ಲ ಬೆಳೆಸಿಕೊಂಡವರು ಅವರ ಮೇಜಿನ ಮೇಲೆ ಮಲಗಿ ಹತ್ತು ವರ್ಷ ಚಿಕ್ಕವರಾಗಿ ಎದ್ದು ಹೋಗಿದ್ದಾರೆ. ಕಿವಿಯ ಮುಂದೆ ಕೂದಲೆಳೆಯಷ್ಟು ಸಣ್ಣ ಗೆರೆ ಕೊಯ್ದು, ಚರ್ಮವನ್ನು ಬಿಡಿಸಿ, ಒಳಗಿನ ಪದರವನ್ನು ಎತ್ತಿ ಕಟ್ಟಿ, ಹೆಚ್ಚಾದ ಚರ್ಮವನ್ನು ಕತ್ತರಿಸುತ್ತಾರಲ್ಲ, ಆಗ ಅವರು ಮಾತಾಡುವುದಿಲ್ಲ, ಕತ್ತೆತ್ತಿ ಯಾರ ಮುಖವನ್ನೂ ನೋಡುವುದಿಲ್ಲ. ಬಲಗೈ ಚಾಚುತ್ತಾರೆ. ಯಾವ ಉಪಕರಣ ಬೇಕೋ ಅದನ್ನು ನಾನು ಇಡುತ್ತೇನೆ. ಮೂವತ್ತೊಂದು ವರ್ಷದಲ್ಲಿ ಒಂದು ಸಲವೂ ತಪ್ಪಾಗಿ ಇಟ್ಟಿಲ್ಲ. ಒಂದು ಸಲವೂ ಅವರು ತಿರುಗಿ ನೋಡಿಲ್ಲ.

ಆಮೇಲೆ ಏನಾಗುತ್ತದೆ? ಕೆನ್ನೆ ಮುಗಿಯಿತು, ಕತ್ತು ಮುಗಿಯಿತು, ಚರ್ಮ ಕತ್ತರಿಸಿ ಆಯಿತು. ಉಳಿದದ್ದು ಕಿವಿಹಾಲೆ, ಅಂದರೆ ಓಲೆ ಹಾಕಿಕೊಳ್ಳುವ ಮೆತ್ತನೆಯ ಭಾಗ. ಅದನ್ನು ಮತ್ತೆ ಅದರ ಜಾಗದಲ್ಲಿ ಕೂರಿಸಿ ನಾಲ್ಕು ಹೊಲಿಗೆ ಹಾಕಬೇಕು. ಆಗ ನಮ್ಮ ಡಾಕ್ಟರು ಗ್ಲೌಸ್ ಬಿಚ್ಚುತ್ತಾರೆ. ‘ಇನ್ನು ಕಿವಿ ನೋಡ್ಕೊಳ್ಳಿ’ ಎಂದು ಕಿರಿಯ ಡಾಕ್ಟರಿಗೆ ಹೇಳುತ್ತಾರೆ. ಟೀಗೆ ಹೋಗುತ್ತಾರೆ.

ಟೀ ತಪ್ಪಲ್ಲ ಸಭಿಕರೇ. ನಾಲ್ಕು ಗಂಟೆ ನಿಂತ ಮನುಷ್ಯನಿಗೆ ಟೀ ಬೇಕು. ನಾಲ್ಕು ಗಂಟೆ ನಿಂತ ಹೆಂಗಸಿಗೂ ಬೇಕು ಎಂಬುದು ಬೇರೆ ವಿಷಯ. ಆದರೆ ಬಟ್ಟೆಯನ್ನು ಗಿಡ್ಡ ಕತ್ತರಿಸಿ ಹೋದ ಮೇಲೆ ಹೊಲಿಯುವವರು ಏನು ಮಾಡಬೇಕು? ಹಾಲೆಯ ಕೆಳಗೆ ಚೂರು ಚರ್ಮ ಸಡಿಲವಾಗಿ ಬಿಟ್ಟರೆ ಹಾಲೆ ಆರಾಮವಾಗಿ ಕೂರುತ್ತದೆ. ಬಿಡದಿದ್ದರೆ, ಕಿರಿಯ ಡಾಕ್ಟರು ಹಾಲೆಯನ್ನೇ ಕೆಳಗೆ ಎಳೆದು ಇದ್ದಷ್ಟು ಚರ್ಮಕ್ಕೆ ಹೊಲಿಯಬೇಕು. ರೋಗಿ ಅಂಗಾತ ಮಲಗಿರುವಾಗ ಎಲ್ಲ ಸರಿಯಾಗೇ ಕಾಣುತ್ತದೆ. ಆಕೆ ಎದ್ದು ಕೂತು, ಮನೆಗೆ ಹೋಗಿ, ನಕ್ಕು, ಅತ್ತು, ಗಂಡನ ಜೊತೆ ನಾಲ್ಕು ತಿಂಗಳು ಜಗಳವಾಡಿದ ಮೇಲೆ ಕೆನ್ನೆಯ ಭಾರವೆಲ್ಲ ಆ ಬಡಪಾಯಿ ಹಾಲೆಯ ಮೇಲೆ ಬೀಳುತ್ತದೆ. ಅದು ಉದ್ದವಾಗಿ ಇಳಿದು, ಕೆನ್ನೆಗೆ ಅಂಟಿಕೊಂಡು, ಕಿವಿ ಯಾವುದು ಕೆನ್ನೆ ಯಾವುದು ಗೊತ್ತಾಗದ ಹಾಗೆ ಆಗುತ್ತದೆ. ಮುಖ ನಲವತ್ತರದು, ಕಿವಿ ಯಾರದೋ.

ಅದಕ್ಕೆ ನಾವು ಏನು ಮಾಡಿದೆವು? ಚರ್ಮವನ್ನು ಸಡಿಲ ಬಿಡಿ ಎಂದು ಹೇಳಿದೆವಾ? ಡಾಕ್ಟರೇ, ಟೀ ತಣ್ಣಗಾಗಲಿ ಎಂದೆವಾ? ಇಲ್ಲ. ನಾವು ಓಲೆ ಇಟ್ಟೆವು.

ಫೋಟೋ ಕೋಣೆಯ ಕಬ್ಬಿಣದ ಬೀರುವಿನ ಕೆಳಗಿನ ಡ್ರಾಯರನ್ನು ನಿಮ್ಮಲ್ಲಿ ಬಹಳ ಜನ ನೋಡಿಲ್ಲ. ಅದರ ಬೀಗದ ಕೈ ನನ್ನ ಹತ್ತಿರ ಇತ್ತು. ಅದರಲ್ಲಿ ಇಪ್ಪತ್ತಾರು ಜೊತೆ ಓಲೆಗಳಿವೆ. ಅಗಲವಾದವು, ಎಲೆಯ ಆಕಾರದವು, ಮುತ್ತಿನ ಗೊಂಚಲಿನವು, ಕಿವಿ ಚುಚ್ಚಿಸದವರಿಗೆ ಕ್ಲಿಪ್ಪಿನವು. ಆಪರೇಷನ್ ಆದ ಆರನೇ ತಿಂಗಳಿಗೆ ಫೋಟೋ ತೆಗೆಯಲು ಕರೆದಾಗ, ಹಾಲೆ ಇಳಿದವರಿಗೆ ‘ಫೋಟೋಗೆ ಚೆನ್ನಾಗಿ ಕಾಣ್ಲಿ ಅಮ್ಮ’ ಎಂದು ನಾನೇ ಅಗಲವಾದ ಓಲೆ ಹಾಕುತ್ತಿದ್ದೆ. ಕ್ಲಿಕ್ ಆಯಿತೆಂದರೆ ಬಿಚ್ಚಿ, ಸ್ಪಿರಿಟ್ಟಿನಲ್ಲಿ ಒರೆಸಿ, ಮತ್ತೆ ಡ್ರಾಯರಿಗೆ. ಗಂಡಸರು ಬಂದಾಗ ಕಷ್ಟವಾಯಿತು. ಅವರಿಗೆ ಓಲೆ ಹಾಕುವ ಹಾಗಿಲ್ಲ. ಮಫ್ಲರ್ ಸುತ್ತಿದೆವು. ಬೇಸಿಗೆಯಲ್ಲಿ! ಆ ಫೋಟೋಗಳ ಆಲ್ಬಮ್ಮು ಹೊರಗಿನ ಲಾಬಿಯ ಗಾಜಿನ ಮೇಜಿನ ಮೇಲಿದೆ. ಹೋಗುವಾಗ ನೋಡಿ. ಈ ಊರಿನಲ್ಲಿ ಇಷ್ಟೊಂದು ಜನಕ್ಕೆ ಒಂದೇ ಥರದ ಓಲೆ ಹೇಗೆ ಇಷ್ಟವಾಯಿತು ಎಂದು ಯಾರೂ ಕೇಳಲಿಲ್ಲವಲ್ಲ, ಅದೇ ನನಗೆ ಆಶ್ಚರ್ಯ.

ಆಗ ನನಗೆ ಇದರಲ್ಲಿ ದೊಡ್ಡ ತಪ್ಪೇನೂ ಕಾಣಿಸಿರಲಿಲ್ಲ. ಬೇರೆಯವರ ಕಿವಿ ತಾನೇ. ನಗುತ್ತಾ ಹಾಕುತ್ತಿದ್ದೆ, ನಗುತ್ತಾ ಬಿಚ್ಚುತ್ತಿದ್ದೆ.

ಇನ್ನು ನನ್ನ ಕಥೆ. ಹದಿಮೂರು ವರ್ಷದ ಹಿಂದೆ ನನಗೆ ನಲವತ್ತೈದು. ನಮ್ಮ ಯಜಮಾನರು ನನಗಿಂತ ನಾಲ್ಕು ವರ್ಷ ಚಿಕ್ಕವರು. ಇದನ್ನು ಇಲ್ಲಿ ಹೇಳಬಾರದು ಎಂದುಕೊಂಡಿದ್ದೆ, ಬಾಯಿಗೆ ಬಂದುಬಿಟ್ಟಿತು. ಇರಲಿ, ಮೈಕಿನಲ್ಲಿ ಹೋದದ್ದು ವಾಪಸ್ ಬರುವುದಿಲ್ಲ. ಇಬ್ಬರೂ ಚಪ್ಪಲಿ ಅಂಗಡಿಗೆ ಹೋಗಿದ್ದೆವು. ಅಂಗಡಿಯವನು ನನ್ನ ಮುಖ ನೋಡಿದ, ಅವರ ಮುಖ ನೋಡಿದ, ಅವರನ್ನು ಕೇಳಿದ: ‘ನಿಮ್ಮ ತಾಯಿಯವ್ರಿಗೆ ಮೆತ್ತಗಿರೋದು ತೋರಿಸ್ಲಾ ಸಾರ್? ವಯಸ್ಸಾದೋರಿಗೆ ಇದು ಒಳ್ಳೇದು.’

ನಮ್ಮ ಯಜಮಾನರು ಏನಂದರು ಗೊತ್ತಾ? ‘ತೋರಿಸಿ’ ಅಂದರು.

ಆಮೇಲೆ ಅವರು ಆಣೆ ಮಾಡಿ ಹೇಳಿದ್ದೇನೆಂದರೆ, ಅಂಗಡಿಯವನ ಮಾತು ಅವರ ಕಿವಿಗೆ ಬಿದ್ದೇ ಇರಲಿಲ್ಲವಂತೆ. ಆತನ ಕನ್ನಡಕ ಒಂದು ಕಡೆ ವಾಲಿತ್ತು, ಅದನ್ನೇ ನೋಡುತ್ತಿದ್ದರಂತೆ. ಇವರದು ಕನ್ನಡಕದ ಅಂಗಡಿ, ಬಸ್ ನಿಲ್ದಾಣದ ಎದುರಿನ ಎರಡನೇ ಮಳಿಗೆ. ಬೆಳಗಿನಿಂದ ಸಂಜೆಯವರೆಗೆ ಜನರ ಕಿವಿಯ ಮೇಲೆ ಕನ್ನಡಕದ ಕಡ್ಡಿ ಕೂರಿಸುವ ಕೆಲಸ. ನಂಬಬಹುದು. ಆದರೆ ನಾನು ಅವತ್ತು ನಂಬಲಿಲ್ಲ. ಆ ಚಪ್ಪಲಿ ಕೊಂಡೆ, ಮನೆಗೆ ಬಂದೆ, ಕನ್ನಡಿ ಮುಂದೆ ಕೂತು ಅತ್ತೆ. ಯಾರಿಗೂ ಹೇಳಲಿಲ್ಲ.

ಮುಂದಿನ ತಿಂಗಳು ದೊಡ್ಡ ಡಾಕ್ಟರ ಹತ್ತಿರ ಹೋಗಿ, ಸರ್, ನನಗೂ ಮಾಡಿ ಎಂದೆ. ಯಾಕೆ ಎಂದು ಅವರು ಕೇಳಲಿಲ್ಲ. ಆ ದೊಡ್ಡತನ ಅವರಿಗಿದೆ. ಮಧ್ಯಾಹ್ನದ ಕೊನೆಯ ಕೇಸಾಗಿ ಹಾಕಿಕೊಂಡರು. ಮನೆಯಲ್ಲಿ, ಅಕ್ಕನ ಮನೆಗೆ ಹೋಗಿ ಮೂರು ವಾರ ಇರುತ್ತೇನೆ ಎಂದು ಹೇಳಿದೆ. ಅಕ್ಕನಿಗೂ ಬಾಯಿಪಾಠ ಮಾಡಿಸಿದ್ದೆ. ಅವತ್ತು ಕಿವಿ ಹೊಲಿಯಲು ಉಳಿದವರು ಆಗಷ್ಟೇ ಕೆಲಸಕ್ಕೆ ಸೇರಿದ್ದ, ಇಪ್ಪತ್ತೇಳು ವರ್ಷದ, ಸೂಜಿ ಹಿಡಿದರೆ ಉಸಿರು ಬಿಗಿಹಿಡಿಯುತ್ತಿದ್ದ ಒಬ್ಬ ಕಿರಿಯ ಡಾಕ್ಟರು. ಅವರು ಯಾರು ಎಂದು ನಾನು ಹೇಳುವುದಿಲ್ಲ. ಅವರ ಲೋಟಕ್ಕೆ ಯಾರಾದರೂ ನೀರು ಹಾಕಿ.

ಮೂರು ವಾರದ ನಂತರ ಊತ ಇಳಿದು ಮನೆಗೆ ಹೋದೆ. ಬಾಗಿಲು ತೆಗೆದ ಯಜಮಾನರು ನನ್ನ ಮುಖವನ್ನು ಒಂದು ನಿಮಿಷ ನೋಡಿದರು. ‘ಅಕ್ಕನ ಮನೇಲಿ ಚೆನ್ನಾಗಿ ನಿದ್ದೆ ಮಾಡಿದೀಯ ಅನ್ಸುತ್ತೆ’ ಎಂದರು. ಅಷ್ಟೇ! ಕೊಯ್ದು, ಎಳೆದು, ಕಟ್ಟಿಸಿಕೊಂಡು ಬಂದ ಮುಖಕ್ಕೆ ಸಿಕ್ಕಿದ ಬಹುಮಾನ ಅದು.

ಆದರೆ ಐದನೇ ತಿಂಗಳಲ್ಲಿ ನನ್ನ ಕನ್ನಡಕ ಮುರಿಯಿತು. ಹೊಸದು ಹಾಕಿಸಲು ಅವರ ಅಂಗಡಿಗೆ ಹೋದೆ. ಕಡ್ಡಿ ಕೂರಿಸಲು ನನ್ನ ಕೂದಲನ್ನು ಹಿಂದೆ ಸರಿಸಿದವರು ಹಾಗೇ ನಿಂತುಬಿಟ್ಟರು.

‘ಇದೇನೇ ಇದು? ಹಾಲೆ ಬಂದು ಕೆನ್ನೆಗೆ ಅಂಟ್ಕೊಂಡಿದೆ. ಮೊದ್ಲು ಹೀಗಿರ್ಲಿಲ್ಲ.’

‘ಮೊದ್ಲು ಹೇಗಿತ್ತು ಅಂತ ನಿಮಗೇನ್ರೀ ಗೊತ್ತು?’

‘ಇಪ್ಪತ್ತು ವರ್ಷದಿಂದ ಈ ಕಿವಿಗೆ ಕಡ್ಡಿ ಕೂರಿಸ್ತಿರೋನು ನಾನು. ಮುಖ ಮರೆತರೂ ಕಿವಿ ಮರೀತೀನಾ?’

ಅಲ್ಲಿಗೆ ಅಕ್ಕನ ಮನೆಯ ಗುಟ್ಟು ರಟ್ಟಾಯಿತು. ಅವರು ಬೈಯಲಿಲ್ಲ. ಕಡ್ಡಿ ಕೂರಿಸುತ್ತಲೇ ಇನ್ನೊಂದು ಮಾತು ಹೇಳಿದರು. ಇಂಥ ಕಿವಿ ನಿನ್ನೊಬ್ಬಳದೇ ಅಲ್ಲ, ಈ ವರ್ಷ ನನ್ನ ಅಂಗಡಿಗೆ ಇದು ಹನ್ನೊಂದನೆಯದು, ಇಷ್ಟು ದಿನ ಇದು ಒಂದೇ ಮನೆತನದವರ ಕಿವಿ ಎಂದುಕೊಂಡಿದ್ದೆ ಎಂದರು. ಹೌದು ರೀ, ಒಂದೇ ಮನೆತನ. ನಮ್ಮ ಮೂಲಪುರುಷರು ಇಲ್ಲಿ ಅಧ್ಯಕ್ಷ ಸ್ಥಾನದಲ್ಲಿ ಕೂತಿದ್ದಾರೆ.

ಅವತ್ತಿನಿಂದ ನಾನು ಟೋಪಿಯನ್ನು ಕಿವಿಯ ಕೆಳಗಿನವರೆಗೆ ಎಳೆದುಕೊಂಡೆ. ಶಿಸ್ತು ಎಂದು ನೀವು ಹೊಗಳಿದಿರಿ. ಶಿಸ್ತೂ ಅಲ್ಲ, ಮಣ್ಣೂ ಅಲ್ಲ. ಹದಿಮೂರು ವರ್ಷ ನಿಮಗೆಲ್ಲ ಟೋಪಿ ಹಾಕಿದೆ, ನನಗೂ ಹಾಕಿಕೊಂಡೆ.

ಹಾಗೇ ಇದ್ದುಬಿಡುತ್ತಿದ್ದೆನೇನೋ. ಆದರೆ ಸಲೂನಿನ ಆ ಅಮ್ಮ ಬಂದರು. ಹೆಂಗಸರ ಕೂದಲು ಕತ್ತರಿಸಿ, ಎತ್ತಿ ಕಟ್ಟುವ ಕೆಲಸ ಅವರದು. ಬೆಳಗಿನಿಂದ ಸಂಜೆಯವರೆಗೆ ಕನ್ನಡಿಯ ಮುಂದೆ ನಿಲ್ಲಬೇಕು. ಬೇರೆಯವರ ತಲೆಯ ಹಿಂದೆ ತಮ್ಮ ಮುಖವೂ ಕಾಣುತ್ತಲೇ ಇರುತ್ತದೆ. ಅವರ ಆಪರೇಷನ್ ಆಗಿ ಎಂಟು ತಿಂಗಳಾಗಿತ್ತು. ಗಿರಾಕಿಗಳು ನನ್ನ ಕೆನ್ನೆ ನೋಡುವುದಿಲ್ಲ, ಕಿವಿ ನೋಡುತ್ತಾರೆ, ನಾನೇ ಕೂದಲು ಎತ್ತಿ ಕಟ್ಟುವ ಹಾಗಿಲ್ಲ ಎಂದು ದೊಡ್ಡ ಡಾಕ್ಟರ ಮುಂದೆ ಹೇಳಿಕೊಂಡರು. ಡಾಕ್ಟರು ಸಮಾಧಾನವಾಗಿಯೇ ಕೇಳಿಸಿಕೊಂಡರು. ಅದು ಚರ್ಮದ ಗುಣ, ಕೆಲವರಿಗೆ ಹಾಗಾಗುತ್ತದೆ ಎಂದರು. ಆಲ್ಬಮ್ ತೆಗೆದು, ನಿಮ್ಮ ಫೋಟೋ ಎಷ್ಟು ಚೆನ್ನಾಗಿ ಬಂದಿದೆ ನೋಡಿ ಎಂದು ತೋರಿಸಿದರು. ಮೋಸದಿಂದಲ್ಲ ಸಭಿಕರೇ. ಅವರು ನಿಜವಾಗಿಯೂ ಹಾಗೇ ನಂಬಿದ್ದರು. ಅವರು ನೋಡುತ್ತಿದ್ದದ್ದು ಫೋಟೋ ಮಾತ್ರ, ಫೋಟೋದಲ್ಲಿ ಇದ್ದದ್ದು ಓಲೆ ಮಾತ್ರ.

ಆ ಅಮ್ಮನನ್ನು ಬಾಗಿಲವರೆಗೆ ಬಿಡಲು ಹೋದೆ. ಅಲ್ಲಿ ನಿಂತು ಅವರು ನನಗೆ ಮಾತ್ರ ಕೇಳುವ ಹಾಗೆ ಹೇಳಿದರು.

‘ಆ ಫೋಟೋದಲ್ಲಿರೋ ಓಲೆ ನಂದಲ್ಲ ಸಿಸ್ಟರ್. ನೀವು ಹಾಕಿದ್ದು. ನೀವೇ ಬಿಚ್ಕೊಂಡ್ರಿ.’

ನಾನು ಬೈಗುಳ ಬೇಕಾದಷ್ಟು ಕೇಳಿದ್ದೇನೆ. ಆಪರೇಷನ್ ಥಿಯೇಟರಿನಲ್ಲಿ ಇದ್ದವರಿಗೆ ಅದು ಹೊಸದಲ್ಲ. ಆದರೆ ಅವತ್ತು ಆ ಮಾತಿಗೆ ನನಗೆ ನಾಚಿಕೆಯಾಯಿತು. ನಾಚಿಕೆ ಎಂದರೆ ಸುಮ್ಮನೆ ಹೇಳುವ ಮಾತಲ್ಲ, ಸಂಜೆಯ ಊಟ ಸೇರಲಿಲ್ಲ. ನನ್ನ ಟೋಪಿಯೊಳಗೆ ಅದೇ ಕಿವಿ ಇಟ್ಟುಕೊಂಡು ನಾನು ಅವರ ಎದುರು ನಿಂತಿದ್ದೆನಲ್ಲ!

ಮರುದಿನ ಆ ಕಿರಿಯ ಡಾಕ್ಟರಮ್ಮನನ್ನು ಡ್ರೆಸ್ಸಿಂಗ್ ಕೋಣೆಗೆ ಕರೆದು, ಬಾಗಿಲು ಹಾಕಿ, ಟೋಪಿ ತೆಗೆದೆ. ಪಾಪ, ಅವರ ಮುಖ ಸುಣ್ಣವಾಯಿತು. ಕಣ್ಣೀರು ಸುರಿಯಿತು. ನಾನೇ ಹೊಲಿದದ್ದು ಸಿಸ್ಟರ್, ಎಳೆದರೆ ಮಾತ್ರ ಮುಟ್ಟುತ್ತಿತ್ತು ಎಂದರು. ನನಗೆ ಗೊತ್ತಮ್ಮ, ಕತ್ತರಿಸಿದವರು ನೀವಲ್ಲ ಎಂದೆ. ಅಳುವುದಿದ್ದರೆ ಆಮೇಲೆ ಅಳಿ, ಮೊದಲು ಇದನ್ನು ಸರಿ ಮಾಡುವುದು ಹೇಗೆ ಹೇಳಿ ಎಂದೆ. ಅವರು ಎರಡು ವಾರ ಪುಸ್ತಕ ಓದಿ ಬಂದರು. ಆಪರೇಷನ್ ಆಗಿ ವರ್ಷ ತುಂಬುವವರೆಗೆ ಕಾಯಬೇಕು, ಆಗ ಚರ್ಮ ಸ್ವಲ್ಪ ಸಡಿಲವಾಗಿರುತ್ತದೆ. ಅಂಟಿಕೊಂಡ ಹಾಲೆಯನ್ನು ಕೆನ್ನೆಯಿಂದ ಬಿಡಿಸಬೇಕು. ಕೆನ್ನೆಯ ಚರ್ಮವನ್ನು ಎತ್ತಿ, ಅದರ ಭಾರವನ್ನು ಒಳಗಿನ ಗಟ್ಟಿ ಪದರಕ್ಕೆ ಕಟ್ಟಬೇಕು. ಕೊನೆಗೆ ಹಾಲೆಯನ್ನು ಎಳೆಯದೆ, ಒತ್ತದೆ, ಅದು ತಾನಾಗಿ ಎಲ್ಲಿ ಕೂರುತ್ತದೋ ಅಲ್ಲೇ ಕೂರಿಸಿ, ಹೊಲಿಗೆಯನ್ನು ಅದರ ಹಿಂದಿನ ಮಡಿಕೆಯಲ್ಲಿ ಅಡಗಿಸಬೇಕು.

ಯಾರ ಕಿವಿಯ ಮೇಲೆ ಮೊದಲು? ಸಲೂನಿನ ಅಮ್ಮನ ಮೇಲೆ ಕೈ ಪಳಗಿಸುವುದು ಬೇಡ, ನನ್ನದು ಇದೆಯಲ್ಲ ಎಂದೆ. ಒಂದೇ ಕಿವಿ ಮಾಡಿ, ಬಲಗಿವಿ, ಕೆಟ್ಟರೆ ಒಂದೇ ಕೆಡಲಿ.

ಗುರುವಾರ ದೊಡ್ಡ ಡಾಕ್ಟರು ಪಕ್ಕದ ಊರಿನ ಕಾಲೇಜಿಗೆ ಪಾಠ ಮಾಡಲು ಹೋಗುತ್ತಾರೆ. ನಾನು ಕೈ ತೊಳೆದು, ಗ್ಲೌಸ್ ಹಾಕಿಕೊಂಡೇ ಮಲಗಿದೆ. ಕಿವಿಗೆ ಮಾತ್ರ ಮರಗಟ್ಟುವ ಸೂಜಿ. ಉಪಕರಣಗಳ ಟ್ರೇ ನನ್ನ ಹೊಟ್ಟೆಯ ಮೇಲೆ. ಅವರು ಕೈ ಚಾಚಿದರು, ನಾನು ಮಲಗಿದಲ್ಲಿಂದಲೇ ಒಂದೊಂದಾಗಿ ಇಟ್ಟೆ. ತನ್ನ ಕಿವಿಯ ಆಪರೇಷನ್ನಿಗೆ ತಾನೇ ಕತ್ತರಿ ಕೊಟ್ಟ ನರ್ಸು ಇನ್ನೊಬ್ಬಳಿದ್ದರೆ ತೋರಿಸಿ, ಈ ಹಾರ ಅವಳಿಗೆ ಹಾಕುತ್ತೇನೆ. ನಡುವೆ ಒಮ್ಮೆ ಡಾಕ್ಟರಮ್ಮ ಕೈ ಚಾಚಿ, ತಿರುಗಿ, ನನ್ನ ಕಣ್ಣು ನೋಡಿ, ‘ನೋಯ್ತಿದೆಯಾ ಸಿಸ್ಟರ್?’ ಎಂದು ಕೇಳಿದರು. ಹತ್ತೊಂಬತ್ತು ವರ್ಷದ ಸರ್ವಿಸಿನಲ್ಲಿ ಆಪರೇಷನ್ ಟೇಬಲ್ಲಿನ ಹತ್ತಿರ ನನ್ನ ಮುಖ ನೋಡಿ ಯಾರೋ ಮಾತಾಡಿದ್ದು ಅದೇ ಮೊದಲು. ನೋವೇನೂ ಇರಲಿಲ್ಲ, ಆದರೂ ಕಣ್ಣು ತುಂಬಿತು.

ಎರಡು ತಿಂಗಳಲ್ಲಿ ಬಲಗಿವಿ ಹಳೆಯ ಬಲಗಿವಿಯಾಯಿತು. ಯಜಮಾನರು ಭೂತಗನ್ನಡಿ ಹಿಡಿದು ಪರೀಕ್ಷೆ ಮಾಡಿ ಪಾಸ್ ಮಾಡಿದರು. ಆಮೇಲೆ ಸಲೂನಿನ ಅಮ್ಮನನ್ನು ಕರೆಸಿದೆವು. ಇಡೀ ಕಥೆ ಮುಚ್ಚುಮರೆಯಿಲ್ಲದೆ ಹೇಳಿ, ಒಪ್ಪಿಗೆಯ ಸಹಿ ಪಡೆದು, ಎರಡೂ ಕಿವಿ ಸರಿ ಮಾಡಿದೆವು. ಅವರು ಕೂದಲು ಎತ್ತಿ ಕಟ್ಟಿಕೊಂಡು, ತಮ್ಮದೇ ಸಣ್ಣ ಓಲೆ ಹಾಕಿಕೊಂಡು ತೋರಿಸಲು ಬಂದರು. ಆಮೇಲೆ ಇನ್ನೊಬ್ಬರು, ಮತ್ತೊಬ್ಬರು. ನಮ್ಮ ಯಜಮಾನರು ಅಂಗಡಿಯಲ್ಲಿ ಇಂಥ ಕಿವಿ ಕಂಡರೆ ಮೆಲ್ಲಗೆ ಕೇಳಿ, ಗುರುವಾರ ಹೋಗಿ, ಟೋಪಿ ಸಿಸ್ಟರ್ ಅಂತ ಕೇಳಿ ಎಂದು ಕಳಿಸತೊಡಗಿದರು. ಹನ್ನೆರಡು ವರ್ಷ. ಅರವತ್ತೆರಡು ಹೆಂಗಸರು, ಮಫ್ಲರಿನ ಮೂವರು ಗಂಡಸರು.

ರಿಜಿಸ್ಟರಿನಲ್ಲಿ ಏನು ಬರೆದೆವು ಎಂದು ರೆಕಾರ್ಡ್ ವಿಭಾಗದ ಹುಡುಗಿ ಈಗ ಬಾಯಿ ಬಿಟ್ಟು ನೋಡುತ್ತಿದ್ದಾಳೆ. ‘ಡ್ರೆಸ್ಸಿಂಗ್ ಬದಲಾವಣೆ’ ಎಂದು ಬರೆದೆವಮ್ಮ. ಅಧ್ಯಕ್ಷರೇ, ಗುರುವಾರದ ಡ್ರೆಸ್ಸಿಂಗಿಗೆ ಒಂದೂವರೆ ಗಂಟೆ ಯಾಕೆ ಹಿಡಿಯುತ್ತದೆ ಎಂದು ನೀವು ಒಮ್ಮೆ ಕೇಳಿದ್ದಿರಿ. ನಿಧಾನವಾಗಿ ಮಾಡ್ತೀವಿ ಸರ್ ಎಂದಿದ್ದೆ. ಸುಳ್ಳು ಹೇಳಲಿಲ್ಲ, ನಿಧಾನವಾಗಿಯೇ ಮಾಡಿದೆವು. ನಿಜವಾದ ಕಾಗದಗಳೆಲ್ಲ, ಸಹಿ, ಫೋಟೋ, ಡಾಕ್ಟರಮ್ಮನ ಟಿಪ್ಪಣಿ, ಆ ಓಲೆಯ ಡ್ರಾಯರಿನಲ್ಲಿವೆ. ಶಿಕ್ಷೆ ಕೊಡುವುದಾದರೆ ನನಗೇ ಕೊಡಿ, ಡಾಕ್ಟರಮ್ಮನಿಗೆ ಬೇಡ. ನಾನು ಇವತ್ತು ಐದೂವರೆಗೆ ನಿವೃತ್ತಳಾದೆ, ಈಗ ಆರೂ ಹತ್ತು. ಏನು ಕೊಡುತ್ತೀರೋ ನೋಡೋಣ.

ನಗಬೇಡಿ. ನಗುವ ಭಾಗ ಇಲ್ಲಿಗೆ ಮುಗಿಯಿತು.

ಕಳೆದ ವಾರ ಈ ಸಮಾರಂಭದ ಜೊತೆಗೇ ಬಿಡುಗಡೆ ಮಾಡಲು ಅಚ್ಚು ಹಾಕಿಸಿದ ಪುಸ್ತಕ ನನ್ನ ಕೈಗೆ ಬಂತು. ನಿಮ್ಮೆಲ್ಲರ ಮಡಿಲಲ್ಲೂ ಇದೆ. ನಾಲ್ಕನೇ ಪುಟ ತೆಗೆಯಿರಿ. ನಮ್ಮ ದೊಡ್ಡ ಡಾಕ್ಟರ ವಿಧಾನದಲ್ಲಿ ಹತ್ತು ವರ್ಷದಿಂದ ಕಿವಿಯ ಬಗ್ಗೆ ಒಂದೇ ಒಂದು ದೂರೂ ಬಂದಿಲ್ಲ, ಆದ್ದರಿಂದ ಅದೇ ವಿಧಾನವನ್ನು ಇನ್ನು ಮುಂದೆ ಎಲ್ಲ ಕಿರಿಯರಿಗೂ ಕಲಿಸಲಾಗುವುದು ಎಂದು ಬರೆದಿದೆ. ಅದನ್ನು ನಾನು ಎರಡೆರಡು ಸಲ ಓದಿದೆ. ದೂರು ಯಾಕೆ ಬರಲಿಲ್ಲ? ನಿಮ್ಮ ಕೋಣೆಯ ಬಾಗಿಲಲ್ಲಿ ನಾನು ನಿಂತಿದ್ದೆ, ಅದಕ್ಕೆ ಬರಲಿಲ್ಲ. ನಾವು ಹಿಂದಿನಿಂದ ಸರಿ ಮಾಡಿದಷ್ಟೂ ನೀವು ಮುಂದಿನಿಂದ ಗಿಡ್ಡ ಕತ್ತರಿಸಿ ನೆಮ್ಮದಿಯಾಗಿ ಟೀಗೆ ಹೋದಿರಿ. ಉಪಕಾರ ಮಾಡುತ್ತಿದ್ದೇನೆ ಎಂದು ಬೀಗುತ್ತಿದ್ದೆ. ಮಾಡಿದ್ದು ಮಾತ್ರ ಮೊದಲಿನದೇ ಕೆಲಸ, ತಪ್ಪು ಮುಚ್ಚಲು ಇನ್ನೂ ಅಗಲವಾದ ಓಲೆ.

ಮೊನ್ನೆ ಶನಿವಾರ ಯಜಮಾನರು ಅಂಗಡಿಯಿಂದ ಬಂದು, ಇವತ್ತು ಇನ್ನೊಬ್ಬಳು ಬಂದಿದ್ದಳು, ಚಿಕ್ಕ ವಯಸ್ಸು ಎಂದರು. ಆಮೇಲೆ ಕೇಳಿದರು: ‘ಮುಂದಿನ ವಾರದಿಂದ ನೀನು ಮನೇಲಿರ್ತೀಯ. ಅವರೆಲ್ಲ ಯಾರ ಹತ್ರ ಹೋಗ್ಬೇಕು?’

ಆ ಪ್ರಶ್ನೆಯನ್ನು ನಾನು ಇಲ್ಲಿಗೆ ತಂದಿದ್ದೇನೆ ಸರ್.

ಎಡಗಿವಿಯನ್ನು ಯಾಕೆ ಹಾಗೇ ಬಿಟ್ಟೆ ಎಂದು ಚಿಕ್ಕ ಡಾಕ್ಟರಮ್ಮ ಬಹಳ ಸಲ ಕೇಳಿದ್ದಾರೆ. ರೋಗಿಗಳಿಗೆ ಇದು ಮೊದಲು, ಇದು ಆಮೇಲೆ ಎಂದು ತೋರಿಸಲು ಬೇಕಾಗುತ್ತದೆ ಎಂದಿದ್ದೆ. ಅದೂ ಒಂದು ಕಾರಣವೇ. ನಿಜವಾದ ಕಾರಣ ಬೇರೆ. ಟೇಬಲ್ಲಿನ ಹತ್ತಿರ ನಾನು ನಿಲ್ಲುವುದು ನಿಮ್ಮ ಬಲಕ್ಕೆ. ಈ ಕಿವಿ ಯಾವಾಗಲೂ ನಿಮ್ಮ ಕಡೆಗೇ ಇತ್ತು. ಹದಿಮೂರು ವರ್ಷ ಒಂದು ಮೊಳ ದೂರದಲ್ಲಿ ಇತ್ತು. ಕೆಲವು ದಿನ ಬೇಕೆಂದೇ ಟೋಪಿಯನ್ನು ಎರಡು ಬೆರಳು ಮೇಲಕ್ಕೆ ಸರಿಸಿಕೊಂಡು ನಿಂತಿದ್ದೇನೆ. ಒಂದು ದಿನ ನೀವಾಗಿಯೇ ನೋಡುತ್ತೀರಿ, ಇದೇನು ಸಿಸ್ಟರ್ ಎಂದು ಕೇಳುತ್ತೀರಿ ಎಂದು ಕಾದೆ. ನೀವು ಕೈ ಚಾಚಿದಿರಿ, ನಾನು ಕತ್ತರಿ ಇಟ್ಟೆ. ಬೇಜಾರಾಗಿದೆ ಸರ್. ಕೋಪವಲ್ಲ, ಬೇಜಾರು.

ನಾನು ಬಾಯಿ ಬಿಟ್ಟು ಹೇಳಬೇಕಿತ್ತು. ಹೇಳಲಿಲ್ಲ. ಆ ತಪ್ಪು ನನ್ನದು, ಒಪ್ಪಿಕೊಳ್ಳುತ್ತೇನೆ.

ಇಗೋ, ಟೋಪಿ ತೆಗೆದೆ. ಲಾಂಡ್ರಿಯವರೇ, ಕೂದಲಿದೆ ನೋಡಿ, ಎರಡನೆಯ ಪಕ್ಷ ಸೋತಿತು. ಇದು ಬಲಗಿವಿ. ಇದು ಎಡಗಿವಿ. ಹಿಂದಿನ ಸಾಲಿನವರು ಎದ್ದು ನಿಲ್ಲಬೇಡಿ, ಊಟದ ಹೊತ್ತಿಗೆ ಹತ್ತಿರದಿಂದ ತೋರಿಸುತ್ತೇನೆ. ಇದು ಡ್ರಾಯರಿನ ಬೀಗದ ಕೈ. ಅಧ್ಯಕ್ಷರ ಮುಂದೆ ಇಡುತ್ತಿದ್ದೇನೆ. ಇಪ್ಪತ್ತಾರು ಜೊತೆ ಓಲೆ, ಅರವತ್ತೈದು ಜನರ ಕಾಗದ, ಎರಡು ಮಫ್ಲರ್. ಮೂರನೆಯದನ್ನು ಒಬ್ಬರು ವಾಪಸ್ ಕೊಡಲಿಲ್ಲ.

ನಿವೃತ್ತಿಗೆ ಏನು ಉಡುಗೊರೆ ಬೇಕು ಎಂದು ಆಫೀಸಿನವರು ಕೇಳಿದ್ದರು. ಏನೂ ಬೇಡ ಎಂದೆ, ಅವರು ಗೋಡೆ ಗಡಿಯಾರ ಕೊಟ್ಟಿದ್ದಾರೆ. ಸಂತೋಷ. ಆದರೆ ನನಗೆ ಬೇಕಾದದ್ದು ಒಂದಿದೆ. ನಾಳೆ ಬೆಳಗಿನ ಮೊದಲ ಕೇಸು ನನ್ನದು. ಎಡಗಿವಿ. ಪಟ್ಟಿಯಲ್ಲಿ ನಾನೇ ಬರೆದಿಟ್ಟು ಬಂದಿದ್ದೇನೆ, ಈ ಸಲ ‘ಡ್ರೆಸ್ಸಿಂಗ್’ ಎಂದಲ್ಲ, ಪೂರ್ತಿ ಹೆಸರು. ಹಾಲೆ ಬಿಡಿಸುವುದರಿಂದ ಕೊನೆಯ ಗಂಟಿನವರೆಗೆ ನೀವೇ ಮಾಡಬೇಕು ಸರ್. ಹೇಗೆ ಎಂದು ಪಕ್ಕದಲ್ಲಿ ನಿಂತು ಚಿಕ್ಕ ಡಾಕ್ಟರಮ್ಮ ಹೇಳಿಕೊಡುತ್ತಾರೆ. ಕಿರಿಯರೆಲ್ಲ ಸುತ್ತ ನಿಂತು ನೋಡುತ್ತಾರೆ. ಮುಗಿದ ಮೇಲೆ ಟೀ ನಾನು ಕೊಡಿಸುತ್ತೇನೆ, ನಿಮಗೂ, ನಾಲ್ಕು ಗಂಟೆ ನಿಲ್ಲುವ ಎಲ್ಲರಿಗೂ.

ಅಧ್ಯಕ್ಷರು ಕುರ್ಚಿಯಿಂದ ಎದ್ದಿದ್ದಾರೆ. ಹೊರಗೆ ಹೋಗುತ್ತಾರೇನೋ ಅಂದುಕೊಂಡೆ. ಇಲ್ಲ, ಈ ಕಡೆಗೇ ಬರುತ್ತಿದ್ದಾರೆ. ಬನ್ನಿ ಸರ್. ಮೈಕಿನ ವೈರು ಇದೆ, ಎಡವಬೇಡಿ. ಕನ್ನಡಕ ಹಾಕಿಕೊಳ್ಳುತ್ತಿದ್ದಾರೆ, ಅದು ನಮ್ಮ ಅಂಗಡಿಯದೇ. ಸಭಿಕರೇ, ಒಂದು ನಿಮಿಷ ಸದ್ದು ಮಾಡಬೇಡಿ. ಅವರು ನೋಡುತ್ತಿದ್ದಾರೆ.

ಮುಟ್ಟಿ ನೋಡಿ ಸರ್, ಪರವಾಗಿಲ್ಲ.

‘ಇದು ನಾನು ಮಾಡಿದ್ದಾ ಸಿಸ್ಟರ್?’ ಎಂದು ಕೇಳುತ್ತಿದ್ದಾರೆ. ಅಲ್ಲ ಸರ್. ಇದು ನೀವು ಮಾಡದೆ ಬಿಟ್ಟು ಹೋದದ್ದು.

ಏನೋ ಹೇಳಿದರು. ಮೈಕಿಗೆ ಸಿಗಲಿಲ್ಲ, ಆದರೆ ಇದನ್ನು ನಾನೊಬ್ಬಳ ಹತ್ತಿರವೇ ಇಟ್ಟುಕೊಳ್ಳುವುದಿಲ್ಲ, ಹದಿಮೂರು ವರ್ಷ ಮುಚ್ಚಿಟ್ಟದ್ದು ಸಾಕು. ತಪ್ಪಾಯ್ತು ಎಂದರು. ಆಮೇಲೆ, ಏಳೂವರೆಗೆ ಬನ್ನಿ, ರಾತ್ರಿಯಿಂದ ಏನೂ ತಿನ್ನಬೇಡಿ ಎಂದರು. ಕಿವಿಗೆ ಮಾತ್ರ ಮರಗಟ್ಟಿಸುವುದು ಸರ್, ತಿನ್ನಬಹುದು. ಇದನ್ನೂ ಡಾಕ್ಟರಮ್ಮನನ್ನು ಕೇಳಿ.

ನನ್ನ ಐದು ನಿಮಿಷ ಯಾವಾಗಲೋ ಮುಗಿಯಿತು. ಇಷ್ಟು ಹೊತ್ತು ಕಿವಿಗೊಟ್ಟು ಕೇಳಿದ ನಿಮಗೆಲ್ಲ, ಚಪ್ಪಲಿ ಅಂಗಡಿಯ ಆ ಪುಣ್ಯಾತ್ಮನಿಗೆ, ನನ್ನ ಮುಖ ಮರೆತರೂ ಕಿವಿ ಮರೆಯದ ನಮ್ಮ ಯಜಮಾನರಿಗೆ, ಮತ್ತು ಇನ್ನೂ ಇಲ್ಲೇ ನನ್ನ ಎಡಕ್ಕೆ ನಿಂತು ಕಿವಿ ನೋಡುತ್ತಿರುವ ನಮ್ಮ ದೊಡ್ಡ ಡಾಕ್ಟರಿಗೆ ನನ್ನ ಕೃತಜ್ಞತೆಗಳು. ಟೋಪಿಯನ್ನು ಲಾಂಡ್ರಿಗೆ ಕೊಟ್ಟು ಹೋಗುತ್ತೇನೆ. ನಮಸ್ಕಾರ.